ಇಂಟರ್‌ವ್ಯೂಗೆ ಎರಡು ನಿಮಿಷದ ಮಾತು: ತುಘಲಕ್ ಬೇಡ ಅಂತಾರೆ, ಮತ್ತೆ ಯಾವುದು?

ಬ್ಯಾಡಗಿ ಮೆಣಸಿನಕಾಯಿ

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಊರು ಬ್ಯಾಡಗಿ, ಈಗ ಪೀಣ್ಯದಲ್ಲಿ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ. ಕಾಲೇಜಿನಲ್ಲಿ ಮೂರು ನಾಟಕ ಮಾಡಿದ್ದೇನೆ, ಅದರಲ್ಲಿ ಎರಡರಲ್ಲಿ ಸೈನಿಕ. ಈ ವರ್ಷ ಧೈರ್ಯ ಮಾಡಿ ಒಂದು ರಂಗಶಾಲೆಗೆ ಅರ್ಜಿ ಹಾಕಿದ್ದೇನೆ. ಇಂಟರ್‌ವ್ಯೂಗೆ ಇನ್ನು 24 ದಿನ ಇದೆ. ಎರಡು ನಿಮಿಷದ ಒಂದು ಮಾತು, ಒಂದು ಹಾಡು ತಯಾರು ಮಾಡಿಕೊಂಡು ಬನ್ನಿ ಅಂದಿದ್ದಾರೆ.

ಗಿರೀಶ್ ಕಾರ್ನಾಡರ ತುಘಲಕ್ ನಾಟಕ ಆರಿಸಿಕೊಂಡೆ. ಮಲತಾಯಿಗೆ ಸಾವಿನ ಶಿಕ್ಷೆ ಕೊಟ್ಟ ಮೇಲೆ ಮೊಣಕಾಲೂರಿ ದೇವರನ್ನು ಬೇಡಿಕೊಳ್ಳುತ್ತಾನಲ್ಲ, ಆ ಭಾಗ. ಮೊನ್ನೆ ರೂಮ್‌ಮೇಟ್ ಮುಂದೆ ಮಾಡಿ ತೋರಿಸಿದೆ. ಅವನು ಏನೂ ಹೇಳೋ ಮೊದಲೇ ಕೆಳಗಿನ ಮನೆ ಓನರ್ ಬಂದು "ಏನಪ್ಪಾ, ಜಗಳಾನಾ?" ಅಂತ ಕೇಳಿದರು. ಈಗ ನಂಬಿಕೆ ಹೋಗಿದೆ. ಕಾಲೇಜಿನ ಸೀನಿಯರ್ ಒಬ್ಬರು "ತುಘಲಕ್ ಮಾತ್ರ ಬೇಡ ಮಾರಾಯ" ಅಂದರು, ಯಾಕೆ ಅಂತ ಹೇಳಲಿಲ್ಲ. ಗೊತ್ತಿದ್ದವರು ಹೇಳಿ. ಬೇರೆ ಯಾವುದು ಮಾಡಲಿ?

ಸೈಡ್‌ವಿಂಗ್

ನಿಮ್ಮ ಸೀನಿಯರ್ ಹೇಳಿದ್ದು ಸರಿ. ಯಾಕೆ ಅಂತ ನಾನು ಹೇಳುತ್ತೇನೆ.

ನಮ್ಮದು ಹವ್ಯಾಸಿ ತಂಡ. ಸುಮಾರು ಮೂವತ್ತು ವರ್ಷದಿಂದ ಹೊಸಬರನ್ನು ಆರಿಸುವ ಟೇಬಲ್ ಹಿಂದೆ ಕೂತಿದ್ದೇನೆ. ಒಂದು ಭಾನುವಾರದ ಲೆಕ್ಕ ಇನ್ನೂ ನೆನಪಿದೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಏಳು ತುಘಲಕ್, ನಾಲ್ಕು ಹಿರಣ್ಯಕಶಿಪು, ಇಬ್ಬರು ಬಬ್ರುವಾಹನ. ಒಬ್ಬ ಹುಡುಗ ಬಾಡಿಗೆ ಕಿರೀಟ ತಂದಿದ್ದ. ಮೂರನೇ ತುಘಲಕ್ ಹೊತ್ತಿಗೆ ನಮ್ಮ ಗಮನ ಟೀ ಕಡೆ. ಅದು ಆ ಹುಡುಗರ ತಪ್ಪಲ್ಲ, ಆದರೆ ಪೆಟ್ಟು ಬೀಳುವುದು ಅವರಿಗೇ.

ಸಿನಿಮಾ ಮಾತುಗಳದ್ದು ಇನ್ನೊಂದು ಕಷ್ಟ. 1983ರ ಭಕ್ತ ಪ್ರಹ್ಲಾದದ ಹಿರಣ್ಯಕಶಿಪುವನ್ನು ಕನ್ನಡದಲ್ಲಿ ಬೇರೆ ಥರ ಹೇಳಲು ಯಾರಿಗಾದರೂ ಆಗುತ್ತದಾ? ಆ ಮಾತು ಬಾಯಿಗೆ ಬಂದ ಕೂಡಲೇ ರಾಜ್‌ಕುಮಾರ್ ದನಿಯೂ ಬರುತ್ತದೆ. ಉಸಿರು ತೆಗೆದುಕೊಳ್ಳುವ ಜಾಗ ಸಮೇತ ಬರುತ್ತದೆ. ನಮಗೆ ನಿಮ್ಮನ್ನು ನೋಡಬೇಕು ಅಂತ ಆಸೆ, ನೀವು ಅಣ್ಣಾವ್ರನ್ನು ತೋರಿಸುತ್ತೀರಿ. ಹೋಲಿಕೆಯಲ್ಲಿ ಯಾರು ಗೆಲ್ಲುತ್ತಾರೆ ಹೇಳಿ.

ಅದಕ್ಕೇ ಹೇಳುವುದು: ರಾಜರು ಬೇಡ, ರಾಕ್ಷಸರು ಬೇಡ, ಸಾಯುವವರು ಬೇಡ.

ಗೋಲಿ ಸೋಡಾ

ರಾಜರು, ರಾಕ್ಷಸರು, ಸಾಯುವವರು ಬಿಟ್ಟರೆ ಕನ್ನಡ ನಾಟಕದಲ್ಲಿ ಉಳಿಯುವವರು ಯಾರು ಸಾರ್? ನಾನು ಹತ್ತು ವರ್ಷ ಆ ಮೂರೇ ಮಾಡಿದ್ದು 😄

ಎರಡನೇ ಬೆಲ್

ನಾನು ರಂಗಶಾಲೆಯಲ್ಲಿ ಓದಿ ಬಂದವಳು. ಯಾವ ಶಾಲೆ ಅಂತ ಬೇಡ. ನನ್ನ ಇಂಟರ್‌ವ್ಯೂ ಕಥೆ ಹೇಳುತ್ತೇನೆ, ಉಪಯೋಗ ಆಗಬಹುದು.

ನಾನು ಯಯಾತಿಯ ಚಿತ್ರಲೇಖೆ ಆರಿಸಿದ್ದೆ. ಕಾರ್ನಾಡರ ಆ ನಾಟಕ ಪ್ರಕಟವಾಗಿದ್ದು 1961ರಲ್ಲಿ, ಅವರಿಗಾಗ ಇಪ್ಪತ್ತರ ಮೇಲೆ ಎರಡೋ ಮೂರೋ ವರ್ಷ. ಹೊಸ ಮದುವಣಗಿತ್ತಿ. ಗಂಡ ಅಪ್ಪನ ಮುದಿತನವನ್ನು ತಾನು ಹೊತ್ತುಕೊಂಡು ಬಂದಿದ್ದಾನೆ. ಅವಳು ಮಾವನನ್ನೇ ಎದುರು ಹಾಕಿಕೊಂಡು ಕೇಳುತ್ತಾಳೆ. ಒಳ್ಳೆ ಜಾಗ, ಅಲ್ವಾ? ನಾನು ಮಾಡಿದ್ದು ಏನು ಅಂದರೆ, ಬಾಗಿಲು ದಾಟಿ ಒಳಗೆ ಬರುವಾಗಲೇ ಅಳು ತುಂಬಿಕೊಂಡು ಬಂದೆ. ಮೊದಲ ಸಾಲಿಗೇ ಕಣ್ಣೀರು. ಎರಡು ನಿಮಿಷ ಪೂರ್ತಿ ಅತ್ತೆ. ಮುಗಿದ ಮೇಲೆ ಎದುರು ಕೂತಿದ್ದ ಮೇಷ್ಟ್ರು ಒಂದೇ ಮಾತು ಕೇಳಿದರು: "ಅವಳು ಏನು ಕೇಳೋಕೆ ಬಂದಳು?"

ನನಗೆ ಉತ್ತರ ಗೊತ್ತಿರಲಿಲ್ಲ. ಅವಳಿಗೆ ದುಃಖ ಆಗಿದೆ ಅಂತ ಗೊತ್ತಿತ್ತು. ಅವಳಿಗೆ ಏನು ಬೇಕು ಅಂತ ಗೊತ್ತಿರಲಿಲ್ಲ.

ಆಮೇಲೆ ಅವರು ಒಂದು ಮೊರ ತರಿಸಿದರು. ನಿಜವಾದ ಮೊರ, ಅಡುಗೆ ಮನೆಯಿಂದ. "ಅಕ್ಕಿ ಆರಿಸುತ್ತಾ ಅದೇ ಮಾತು ಹೇಳು, ಅಳಬೇಡ, ಕಲ್ಲು ಸಿಕ್ಕಿದರೆ ತೆಗೆದಿಡು" ಅಂದರು. ಕೈಗೆ ಕೆಲಸ ಬಂದ ಕೂಡಲೇ ಗಂಟಲು ಸಡಿಲ ಆಯಿತು. ಅರ್ಧದಲ್ಲಿ ಒಂದು ಕಲ್ಲು ಸಿಕ್ಕಿತು. ಅದನ್ನು ತೆಗೆದು ಪಕ್ಕಕ್ಕಿಟ್ಟೆ, ಆ ಒಂದು ಕ್ಷಣ ಮಾತು ನಿಂತಿತು, ಮುಂದಿನ ಸಾಲು ಬೇರೆಯೇ ಥರ ಬಂತು. ನನಗೇ ಮೈ ಜುಮ್ ಅಂದಿತು.

ಆ ದಿನ ಅರ್ಥ ಆಗಿದ್ದು ಇಷ್ಟು: ಅವರು ನೀವು ಎಷ್ಟು ಚೆನ್ನಾಗಿ ತಯಾರು ಮಾಡಿದ್ದೀರಿ ಅಂತ ಮಾತ್ರ ನೋಡುವುದಿಲ್ಲ. ಮಾತನ್ನು ಅವರು ತಿರುಚಿ ಕೊಟ್ಟಾಗ ನೀವು ತಿರುಗುತ್ತೀರಾ ಅಂತಲೂ ನೋಡುತ್ತಾರೆ. ಹೆಗ್ಗೋಡಿನ ನೀನಾಸಂ ರಂಗಶಾಲೆಯ ಕೋರ್ಸು ಹತ್ತು ತಿಂಗಳದ್ದು, ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಬೆಂಗಳೂರು ಕೇಂದ್ರದ್ದು ಒಂದು ವರ್ಷ, ದೆಹಲಿಯದ್ದು ಮೂರು ವರ್ಷ. ಅಷ್ಟು ದಿನ ನಿಮ್ಮ ಜೊತೆ ಏಗಬೇಕಾದವರು ಅವರು. ಕಲ್ಲಿನ ಹಾಗೆ ಗಟ್ಟಿ ಮಾಡಿಕೊಂಡು ಹೋದರೆ ಅವರಿಗೆ ಏನೂ ಮಾಡಲು ಆಗುವುದಿಲ್ಲ.

ಹಾಗಾಗಿ ತುಘಲಕ್ ಬೇಕೋ ಬೇಡವೋ ಎನ್ನುವ ಪ್ರಶ್ನೆ ಆಮೇಲೆ. ಮೊದಲು ಹೇಳಿ, ನೀವು ಪೂರ್ತಿ ನಾಟಕ ಓದಿದ್ದೀರಾ?

ಬ್ಯಾಡಗಿ ಮೆಣಸಿನಕಾಯಿ

ನಿಜ ಹೇಳಲಾ ಮೇಡಂ? ಇಲ್ಲ. ಯೂಟ್ಯೂಬ್‌ನಲ್ಲಿ ಆ ಭಾಗ ನೋಡಿ, ಬರೆದುಕೊಂಡು ಬಾಯಿಪಾಠ ಮಾಡಿದೆ.

ಎರಡನೇ ಬೆಲ್

ಅದೇ ನೋಡಿ. ಈ ಭಾನುವಾರ ಓದಿ.

ತಾಳಮದ್ದಳೆ ಪ್ರಿಯ

ನಾನು ನಟನಲ್ಲ, ಹೊನ್ನಾವರದ ಕಡೆಯವನು. ಯಕ್ಷಗಾನ ಅರ್ಥಗಾರಿಕೆ ಹುಚ್ಚು ಸ್ವಲ್ಪ ಇದೆ. ಒಂದು ವಿಷಯ ಹೇಳಬಹುದಾ?

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಾಲು, ಚಾಪೆ ಮೇಲೆ ಕೂತ ಜನ. ಭಾಗವತರು ಪದ (ಹಾಡು) ಹೇಳುತ್ತಾರೆ, ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ಆ ಪದ ಹಿಡಿದು ಅಲ್ಲಿಂದಲ್ಲೇ ಮಾತು ಕಟ್ಟಬೇಕು. ಬರೆದಿಟ್ಟ ಸಂಭಾಷಣೆ ಇಲ್ಲ. ಒಬ್ಬನೇ ಹತ್ತು ಹದಿನೈದು ನಿಮಿಷ ಮಾತಾಡುವುದೂ ಉಂಟು. ಅದೂ ಒಂದು ಥರ ನೀವು ಹೇಳುವ ಮಾನೊಲಾಗೇ. ಆದರೆ ಕೂತು ಕೇಳಿದರೆ ಒಂದು ವಿಷಯ ಗೊತ್ತಾಗುತ್ತದೆ. ಒಳ್ಳೆ ಅರ್ಥಧಾರಿ ಸಭೆಗೆ ಮಾತಾಡುವುದಿಲ್ಲ. ಎದುರು ಕೂತ ಅರ್ಥಧಾರಿಗೆ ಮಾತಾಡುತ್ತಾನೆ. ಕರ್ಣ ಮಾತಾಡುವುದು ಕೃಷ್ಣನಿಗೆ. ಕೃಷ್ಣ ಸುಮ್ಮನೆ ಕೂತಿದ್ದರೂ ಅವನ ಮುಖ ನೋಡಿಯೇ ಕರ್ಣನ ಮುಂದಿನ ವಾಕ್ಯ ಹುಟ್ಟುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ರೆಕಾರ್ಡಿಂಗ್ ಸಿಕ್ಕಿದರೆ ಕೇಳಿ. ಎದುರಿಗೆ ಒಬ್ಬ ಇದ್ದಾನೆ ಅನ್ನುವುದು ಬರೀ ದನಿಯಲ್ಲೇ ತಿಳಿಯುತ್ತದೆ.

ನಿಮ್ಮ ತುಘಲಕ್ ಮೊಣಕಾಲೂರಿದ ಜಾಗದಲ್ಲಿ ಎದುರು ಯಾರಿದ್ದಾರೆ? ದೇವರು. 22 ವರ್ಷದ ಹುಡುಗನಿಗೆ ದೇವರನ್ನು ಎದುರು ಕೂರಿಸಿಕೊಳ್ಳುವುದು ಕಷ್ಟವಪ್ಪ. ದೇವರು ಮುಖ ತಿರುಗಿಸಿದ್ದು, ಎದ್ದು ಹೋಗಿದ್ದು ನಿಮಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಕೂಗು ಬರುತ್ತದೆ. ಓನರ್ ಬರುತ್ತಾರೆ.

ಗೋಲಿ ಸೋಡಾ

ಕರೆದಿದ್ದು ದೇವರನ್ನು, ಬಂದಿದ್ದು ಓನರ್.

ಸೈಡ್‌ವಿಂಗ್

ತಾಳಮದ್ದಳೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಮೂರು ಪದ ಕಲಸಿ ಹೋಗಿವೆ. ಸ್ವಗತ ಅಂದರೆ ಪಾತ್ರ ತನಗೆ ತಾನೇ ಆಡಿಕೊಳ್ಳುವುದು. ಆಡಿಷನ್‌ನಲ್ಲಿ ಕೇಳುವುದು ಹೆಚ್ಚಾಗಿ ಅದಲ್ಲ, ಒಬ್ಬನೇ ಆಡುವ ಉದ್ದ ಮಾತು. ಇನ್ನು ಶಾಲೆ ಕಾಲೇಜು ಸ್ಪರ್ಧೆಯ ಏಕಪಾತ್ರಾಭಿನಯ ಇದೆಯಲ್ಲ, ಅದರ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸ. ಅಲ್ಲಿ ಬಹುಮಾನ ಬರಬೇಕಾದರೆ ಐದು ನಿಮಿಷದಲ್ಲಿ ನಗಬೇಕು, ಅಳಬೇಕು, ಹುಚ್ಚು ಹಿಡಿಯಬೇಕು, ಕೊನೆಗೆ ದೊಪ್ ಅಂತ ಬೀಳಬೇಕು. ಹುಡುಗರು ಅದೇ ಲೆಕ್ಕದಲ್ಲಿ ಬರುತ್ತಾರೆ. ಒಬ್ಬ ಬಿದ್ದ ಹೊಡೆತಕ್ಕೆ ನಮ್ಮ ರಿಹರ್ಸಲ್ ಹಾಲ್‌ನ ಟೈಲ್ಸ್ ಬಿರುಕು ಬಿಟ್ಟಿದೆ. ಈಗಲೂ ಇದೆ, ಬಂದು ನೋಡಬಹುದು.

ಕ್ಯಾಮೆರಾ ಹಿಂದೆ

ಸಿನಿಮಾ, ಸೀರಿಯಲ್ ಆಡಿಷನ್‌ಗೆ ಹೋಗುವವರೂ ಇದನ್ನು ಓದುತ್ತಿರಬಹುದು, ಅವರಿಗೆ ನಾಲ್ಕು ಮಾತು. ನಾನು ಕಾಸ್ಟಿಂಗ್ ಅಸಿಸ್ಟೆಂಟ್.

ನಮ್ಮಲ್ಲಿ ಹೆಚ್ಚಾಗಿ ಸೀನ್ ನಾವೇ ಕೊಡುತ್ತೇವೆ. ಆದರೂ "ಏನಾದ್ರೂ ಮಾಡಿ ತೋರಿಸಿ" ಅಂತ ಕೇಳುವುದು ಇದೆ, ಆಗ ಕೈಯಲ್ಲೊಂದು ಇರಬೇಕು. ಒಂದು ನಿಮಿಷ ಸಾಕು. ಕ್ಯಾಮೆರಾ ಎದೆಯಿಂದ ಮೇಲಕ್ಕೆ ಇರುತ್ತದೆ, ರಂಗದ ಮೇಲೆ ಮಾಡಿದ ಹಾಗೆ ಕೈ ಬೀಸಿದರೆ ಫ್ರೇಮಿನಿಂದ ಆಚೆ ಹೋಗುತ್ತದೆ. ಮನೆಯಿಂದ ವಿಡಿಯೋ ಕಳಿಸುವವರು ಫೋನ್ ಅಡ್ಡ ಹಿಡಿಯಿರಿ, ಕಿಟಕಿ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಅಲ್ಲ. ಲೆನ್ಸ್ ನೋಡಿ ಮಾತಾಡಬೇಡಿ, ಲೆನ್ಸ್ ಪಕ್ಕದಲ್ಲಿ ಒಬ್ಬ ಸ್ನೇಹಿತನನ್ನು ನಿಲ್ಲಿಸಿ ಅವನಿಗೆ ಹೇಳಿ. ಮಿಕ್ಸಿ ನಿಲ್ಲಿಸಿ. ಹಿಂದೆ ಕುಕ್ಕರ್ ಮೂರು ವಿಷಲ್ ಹೊಡೆದ ವಿಡಿಯೋ ಒಂದು ನಮ್ಮ ಆಫೀಸಲ್ಲಿ ಇನ್ನೂ ಓಡಾಡುತ್ತಿದೆ. ಹುಡುಗಿ ಚೆನ್ನಾಗಿ ಮಾಡಿದ್ದಳು ಪಾಪ.

ಇನ್ನೊಂದು. ಆಡಿಷನ್‌ಗೆ, ಫೋಟೋಗೆ, ರಿಜಿಸ್ಟ್ರೇಷನ್‌ಗೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ನಾನೇ ಶುರುವಿನಲ್ಲಿ ಒಬ್ಬ ಕೋಆರ್ಡಿನೇಟರ್‌ಗೆ ಐದು ಸಾವಿರ ಕೊಟ್ಟು, ರಾಜಾಜಿನಗರದ ಒಂದು ಬೀಗ ಹಾಕಿದ ಬಾಗಿಲ ಮುಂದೆ ಮಧ್ಯಾಹ್ನ ಪೂರ್ತಿ ನಿಂತವನು.

ಜವಾರಿ ಮಂದಿ

ತಮ್ಮಾ, ನೀ ಬ್ಯಾಡಗಿಯವ. ನಿನ್ನ ಬಾಯಾಗ ತುಘಲಕ್ಕಿನ ಕನ್ನಡ ಹೆಂಗ ಕುಂದರ್ತದ? ಕಂಬಾರರ ಜೋಕುಮಾರಸ್ವಾಮಿ ಓದಿದಿಯೇನು? ಬಸಣ್ಣ ಅದಾನಲ್ಲ, ಗೌಡನ ಎದುರು ನಿಂತು ನೆಲದ ಸಲುವಾಗಿ ಮಾತಾಡೂ ರೈತ. ಅದು ನಮ್ಮ ಕಡೆ ಮಾತು. ನಿಂಗ ಅಕ್ಷರ ಕಲೀಬೇಕಾಗಿಲ್ಲ, ಬಾಯಿ ತೆಗದ್ರ ಸಾಕು. ಬನಶಂಕರಿ ಜಾತ್ರಿಯೊಳಗ ಕಂಪನಿ ನಾಟಕ ನೋಡಿ ಬೆಳದ ಹುಡುಗ್ರು ಬೆಂಗಳೂರಿಗೆ ಹೋಗಿ ಯಾಕ ಪುಸ್ತಕದ ಕನ್ನಡ ಆಡ್ತೀರಿ ಅಂತೀನಿ.

ಮಲೆನಾಡ ಮಳೆ

ಜವಾರಿಯವರ ಮಾತು ಅರ್ಧ ಒಪ್ಪುತ್ತೇನೆ. ತನ್ನ ಸೀಮೆಯ ಮಾತು ಬಲ, ನಿಜ. ಆದರೆ ಶಾಲೆಗೆ ಹೋಗುವುದೇ ತನ್ನದಲ್ಲದ ಮಾತನ್ನು ಬಾಯಿಗೆ ಒಗ್ಗಿಸಿಕೊಳ್ಳಲು ಅಲ್ಲವಾ?

ನಾನಾದರೆ ಕುವೆಂಪು ನಾಟಕ ನೋಡು ಅನ್ನುತ್ತೇನೆ. ಸ್ಮಶಾನ ಕುರುಕ್ಷೇತ್ರಂ, ಶೂದ್ರ ತಪಸ್ವಿ, ಬೆರಳ್‌ಗೆ ಕೊರಳ್. ಸರಳರಗಳೆಯಲ್ಲಿ ಇವೆ. ಸಾಲಿಗೆ ಇಪ್ಪತ್ತು ಮಾತ್ರೆ, ಐದೈದರ ನಾಲ್ಕು ಗಣ. ಪ್ರಾಸ ಇಲ್ಲ. ಹಳಗನ್ನಡದ ವಾಸನೆ ಇರುವುದರಿಂದ ಹುಡುಗರು ಹೆದರುತ್ತಾರೆ. ಹಾಗಾಗಿ ಅದನ್ನು ತರುವವರು ಕಡಿಮೆ. ಉಸಿರಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಸಾಲಿನ ಕೊನೆಯಲ್ಲಿ ನಿಂತರೆ ಪದ್ಯ ಒಪ್ಪಿಸಿದ ಹಾಗೆ ಕೇಳುತ್ತದೆ. ಅರ್ಥ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಲ್ಲಬೇಕು, ಅದು ಮುಂದಿನ ಸಾಲಿನ ನಡುವೆ ಎಲ್ಲೋ ಇರುತ್ತದೆ. ನಾನು ಪೆನ್ಸಿಲ್‌ನಲ್ಲಿ ಪುಟದ ತುಂಬ ಗೀಟು ಹಾಕಿಕೊಂಡು ಕಲಿತೆ.

24 ದಿನದಲ್ಲಿ ಆಗುತ್ತದಾ ಅಂದರೆ, ದಿನಾ ಒಂದು ಗಂಟೆ ಕೊಟ್ಟರೆ ಆಗುತ್ತದೆ. ಅರ್ಥ ತಿಳಿಯದೆ ಬರೀ ಗತ್ತಿಗೆ ಹೇಳುವುದಾದರೆ ಬೇಡ.

ಲಂಡನ್ ಚಳಿ

ಇಲ್ಲಿ ಡ್ರಾಮಾ ಸ್ಕೂಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ. ಒಂದು ಶೇಕ್ಸ್‌ಪಿಯರ್ ಕಾಲದ್ದು, ಒಂದು ಈಗಿನದು. ನಮ್ಮ ತಂಗಿ ಈಗಿನದಕ್ಕೆ ನಾಗಮಂಡಲದ ರಾಣಿಯನ್ನು ಆರಿಸಿದಳು. ಕಾರ್ನಾಡರೇ ಇಂಗ್ಲಿಷ್‌ಗೆ ತಂದಿದ್ದಾರಲ್ಲ. ಕೇಳುವವರಿಗೆ ಹಳೇ ಹೋಲಿಕೆಯೇ ಇರಲಿಲ್ಲ, ಅದೇ ಅವಳಿಗೆ ಅನುಕೂಲ ಆಯಿತು. ನಿಮಗೆ ತುಘಲಕ್‌ನಲ್ಲಿ ಆಗುತ್ತಿರುವುದರ ಉಲ್ಟಾ.

ಬ್ಯಾಡಗಿ ಮೆಣಸಿನಕಾಯಿ

ಎಲ್ಲರಿಗೂ ಥ್ಯಾಂಕ್ಸ್. ತಲೆ ಗಿರ್ ಅಂತಿದೆ. ಜೋಕುಮಾರಸ್ವಾಮಿ ತಂದು ಓದಿದೆ, ಖುಷಿ ಆಯಿತು. ಆದರೆ ಬಸಣ್ಣ ಮಾಡಲು ಹೋದರೆ ನಾನು ಸುಮ್ನೆ ನಮ್ಮ ಮಾವನ ಹಾಗೆ ಮೀಸೆ ತಿರುವುತ್ತಿದ್ದೇನೆ ಅನ್ನಿಸುತ್ತದೆ. ಕುವೆಂಪು ಇನ್ನೂ ಮುಟ್ಟಿಲ್ಲ, ಭಯ.

ತಾಳಮದ್ದಳೆಯವರು "ಎದುರು ಯಾರಿದ್ದಾರೆ" ಅಂತ ಕೇಳಿದ್ದು ತಲೆಯಲ್ಲಿ ಉಳಿಯಿತು. ಅದಕ್ಕೆ ನಿನ್ನೆ ರಾತ್ರಿ ನಾನೇ ಒಂದು ಬರೆದೆ. ನಮ್ಮಪ್ಪ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ. ಕೆಲಸ ಬಿಟ್ಟು ನಾಟಕ ಕಲಿಯಲು ಹೋಗುತ್ತೇನೆ ಅಂತ ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಹೇಗಿರುತ್ತದೆ ಅಂತ ಬರೆದೆ. ನಗಬೇಡಿ.

"ಅಪ್ಪಾ, ಚೀಲ ಕೆಳಗಿಡು. ಒಂದ್ ಮಾತು ಐತಿ. ಇಡು ಮೊದಲ... ಇಲ್ಲಾ, ರೊಕ್ಕ ಕೇಳಾಕ ಬಂದಿಲ್ಲ. ರೊಕ್ಕ ಐತಿ ನನ್ ಹತ್ರ. ನೀ ಕೆಮ್ಮೋದು ನಿಲ್ಸು ಒಂದ್ ಗಳಿಗಿ, ನನಗ ಹೇಳಾಕ ಆಗವಲ್ದು. ಘಾಟು ಅಂತ ಗೊತ್ತೈತಿ ನಂಗೂ. ನೀ ಅವತ್ತ ನನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡು ಜಾತ್ರ್ಯಾಗ ನಾಟಕ ತೋರ್ಸಿದ್ದಿ. ನೆನಪೈತೇನು? ನೀನೂ ನಕ್ಕಿದ್ದಿ ಅವತ್ತ. ನಿನ್ನ ಹೆಗಲು ಅಲುಗ್ತಿತ್ತು, ನಂಗ ಕೆಳಗ ಬೀಳ್ತೀನಿ ಅಂತ ಹೆದರಿಕಿ... ಹೂಂ, ಚೀಲ ಎತ್ತು. ಎತ್ತು, ಎತ್ತು. ನಾಳೆ ಹೇಳ್ತೀನಿ."

ಇದನ್ನು ಮಾಡಬಹುದಾ?

ಎರಡನೇ ಬೆಲ್

ಇದನ್ನು ಎರಡು ಸಲ ಓದಿದೆ. "ಕೆಮ್ಮೋದು ನಿಲ್ಸು" ಅನ್ನುವಲ್ಲಿ ಅಪ್ಪ ಕಾಣಿಸುತ್ತಾರೆ. ಅವರು ಒಂದೂ ಮಾತಾಡುವುದಿಲ್ಲ, ಆದರೂ ಇದ್ದಾರೆ.

ಸೈಡ್‌ವಿಂಗ್

ಚೆನ್ನಾಗಿದೆ. ಆದರೆ ಬೇಡ ಅನ್ನುತ್ತೇನೆ. ನಾವೇ ಬರೆದದ್ದನ್ನು ನಾವೇ ಆಡುವುದು ಸುಲಭದ ದಾರಿ. ಬೇರೊಬ್ಬ ಬರೆದ ಮಾತಿನೊಳಗೆ ಹೋಗುವ ತಾಕತ್ತು ಇದೆಯಾ ಅಂತ ನೋಡುವುದಕ್ಕೇ ಆಡಿಷನ್. ನಾಟಕ ಓದುವ ಕಷ್ಟ ತಪ್ಪಿಸಿಕೊಳ್ಳಲು ಸ್ವಂತ ಬರೆದುಕೊಂಡು ಬರುವವರು ಈಗ ಜಾಸ್ತಿ ಆಗಿದ್ದಾರೆ.

ಜವಾರಿ ಮಂದಿ

ಸರ, ಇದು ಸುಲಭದ ದಾರಿ ಹೆಂಗಾತು? ಅಪ್ಪಗ ಹೇಳಾಕ ಆಗದ ಮಾತು ನಾಲ್ಕು ಮಂದಿ ಮುಂದ ಹೇಳೂದು ಸುಲಭ ಏನ್ರೀ?

ಸೈಡ್‌ವಿಂಗ್

ಮಾತು ನಿಜ. ಆದರೂ ಅದು ಅವನ ಜೀವನದ ಬಲ. ನಟನೆಯ ಬಲ ಬೇರೆ.

ಎರಡನೇ ಬೆಲ್

ಜಗಳಕ್ಕೆ ಮೊದಲು ಕರೆ ಪತ್ರ ನೋಡೋಣ. ಬ್ಯಾಡಗಿಯವರೇ, ಅದರಲ್ಲಿ ಏನು ಬರೆದಿದೆ, ಅಕ್ಷರ ಅಕ್ಷರ ಹೇಳಿ.

ಬ್ಯಾಡಗಿ ಮೆಣಸಿನಕಾಯಿ

"ಪ್ರಕಟಿತ ನಾಟಕವೊಂದರಿಂದ ಆಯ್ದ ಭಾಗ." ಅಯ್ಯೋ. ಈಗ ಸರಿಯಾಗಿ ನೋಡಿದೆ.

ಗೋಲಿ ಸೋಡಾ

ಕೇಸ್ ಕ್ಲೋಸ್.

ಎರಡನೇ ಬೆಲ್

ಕ್ಲೋಸ್ ಅಲ್ಲ. ಬರೆದದ್ದು ದಂಡ ಆಗಲಿಲ್ಲ. ಅದನ್ನು ಜೋರಾಗಿ ಹೇಳುವಾಗ ನಿಮ್ಮ ಕಣ್ಣು ಎಲ್ಲಿತ್ತು? ಚೀಲದ ಮೇಲಾ, ಅಪ್ಪನ ಮುಖದ ಮೇಲಾ? ಅದನ್ನು ನೆನಪಿಟ್ಟುಕೊಳ್ಳಿ. ಈಗ ಪ್ರಕಟವಾದ ನಾಟಕದಲ್ಲಿ ಅದೇ ಥರ ಎದುರಿಗೆ ಒಬ್ಬ ಸುಮ್ಮನೆ ಇರುವ ಜಾಗ ಹುಡುಕಿ. ಲಂಕೇಶರ ಸಂಕ್ರಾಂತಿಯಲ್ಲಿ ಉಜ್ಜ, ರುದ್ರ ಅಂತ ಅಪ್ಪ ಮಗ ಬರುತ್ತಾರೆ, ಅದನ್ನೂ ನೋಡಿ. ಮತ್ತೆ ತುಘಲಕ್ ಪೂರ್ತಿ ಓದಿ ಅಂದಿದ್ದೆ, ಓದಿದಿರಾ?

ಬ್ಯಾಡಗಿ ಮೆಣಸಿನಕಾಯಿ

ಓದಿದೆ. ಭಾನುವಾರ ಲೈಬ್ರರಿಯಲ್ಲಿ ಕೂತು ಒಂದೇ ಸಲಕ್ಕೆ. ನಾನು ಅಂದುಕೊಂಡ ಹಾಗೆ ಅವನು ಇಡೀ ನಾಟಕ ಕೂಗುವುದಿಲ್ಲ. ಚದುರಂಗ ಆಡುತ್ತಾನೆ, ತಮಾಷೆ ಮಾಡುತ್ತಾನೆ.

ಒಂದು ಜಾಗದಲ್ಲಿ ನಿಂತುಬಿಟ್ಟೆ. ದೌಲತಾಬಾದ್ ಕೋಟೆ ಮೇಲೆ ರಾತ್ರಿ. ಕಾವಲಿಗೆ ಒಬ್ಬ ಚಿಕ್ಕ ಹುಡುಗ ಇದ್ದಾನೆ, 19 ವರ್ಷ. ಸುಲ್ತಾನನಿಗೆ ನಿದ್ದೆ ಇಲ್ಲ, ಬಂದು ಆ ಹುಡುಗನ ಹತ್ತಿರ ಮಾತಾಡುತ್ತಾನೆ. ತಾನು ಆ ವಯಸ್ಸಿನಲ್ಲಿ ಹೇಗಿದ್ದೆ ಅಂತ. ಹುಡುಗನಿಗೆ ಅದರಲ್ಲಿ ಎಷ್ಟೋ ಅರ್ಥವೇ ಆಗುವುದಿಲ್ಲ. ಸುಲ್ತಾನ ಮಾತ್ರ ಹೇಳುತ್ತಲೇ ಹೋಗುತ್ತಾನೆ. ಕೂಗಾಟ ಇಲ್ಲ. ಎದುರಿಗೆ ದೇವರಲ್ಲ, ಒಬ್ಬ ಹುಡುಗ.

ಸೈಡ್‌ವಿಂಗ್ ಸರ್, ಬೈಯ್ಯಬೇಡಿ. ಇದು ಮಾಡಲಾ?

ಸೈಡ್‌ವಿಂಗ್

ಮೂವತ್ತು ವರ್ಷದಲ್ಲಿ ಆ ಜಾಗ ಆರಿಸಿಕೊಂಡು ಬಂದವರನ್ನು ನಾನು ನೋಡಿಲ್ಲ. ಏಳೂ ಜನ ಮೊಣಕಾಲೂರುವವರೇ.

ಮೊದಲು ತಕರಾರು ಹೇಳುತ್ತೇನೆ. ಅದು ದಣಿದವನ ಮಾತು, ನೀನು 22ರ ಹುಡುಗ. ಮುದುಕನ ದನಿ ಮಾಡಿದರೆ ಕೆಟ್ಟಿತು. ಬೆನ್ನು ಬಗ್ಗಿಸಬೇಡ, ದನಿ ಗೊಗ್ಗರು ಮಾಡಬೇಡ. ಆ ನಾಟಕ ಬಂದ 1964ರಲ್ಲಿ ಕಾರ್ನಾಡರಿಗೇ 26 ವರ್ಷ. ಆ ವಯಸ್ಸಿನವನು ಬರೆಯಬಹುದಾದರೆ ನೀನು ಹೇಳಬಹುದು. ನಿದ್ದೆ ಇಲ್ಲದ ರಾತ್ರಿ ನಿನಗೂ ಗೊತ್ತಿರಬೇಕಲ್ಲ, ಪೀಣ್ಯದಲ್ಲಿ ನೈಟ್ ಶಿಫ್ಟ್ ಇಲ್ಲವಾ?

ಎರಡನೆಯದು, ನಡುವೆ ಹುಡುಗನ ಮಾತು ಬರುತ್ತದೆ. ಅದನ್ನು ತೆಗೆದು ಹೊಲಿಯಬೇಕು. ತೆಗೆದ ಜಾಗದಲ್ಲಿ ಅವನು ಮಾತಾಡಿದ ಅಂತಲೇ ಕೇಳಿಸಿಕೊಳ್ಳಬೇಕು. ಸುಮ್ಮನೆ ಒಂದು ಎರಡು ಮೂರು ಅಂತ ಎಣಿಸಿ ಮುಂದಕ್ಕೆ ಹೋಗಬೇಡ, ಟೇಬಲ್ ಹಿಂದೆ ಕೂತವರಿಗೆ ಎಣಿಕೆ ಕಾಣಿಸುತ್ತದೆ.

ಮಾಡು.

ಜವಾರಿ ಮಂದಿ

ಸರ ಒಪ್ಪಿದ್ರು! ಬರದ್ ಇಟ್ಕೋರಿ.

ಬ್ಯಾಡಗಿ ಮೆಣಸಿನಕಾಯಿ

ಕತ್ತರಿಸಿ ಹೊಲಿದೆ. ಮೊದಲ ಸಲ ಟೈಮ್ ನೋಡಿದರೆ 3 ನಿಮಿಷ 10 ಸೆಕೆಂಡ್. ಓಡಿಸಿದರೆ 2ಕ್ಕೆ ಬರುತ್ತದೆ, ಆದರೆ ಆಗ ಬಸ್ ಕಂಡಕ್ಟರ್ ಸ್ಟಾಪ್ ಹೆಸರು ಕೂಗಿದ ಹಾಗೆ ಕೇಳುತ್ತದೆ. ಏನು ಮಾಡಲಿ? ಹುಡುಗನನ್ನು ಎಲ್ಲಿ ನಿಲ್ಲಿಸಲಿ? ಖಾಲಿ ಕುರ್ಚಿ ಇಟ್ಟುಕೊಳ್ಳಬಹುದಾ?

ಎರಡನೇ ಬೆಲ್

ಓಡಿಸಬೇಡಿ, ಕತ್ತರಿಸಿ. 1 ನಿಮಿಷ 45 ಸೆಕೆಂಡಿಗೆ ನಿಲ್ಲುವ ಹಾಗೆ ಕತ್ತರಿಸಿ, ಅಲ್ಲಿ ಹೋದಾಗ ಭಯಕ್ಕೆ ಒಂದಿಷ್ಟು ಉದ್ದ ಆಗುತ್ತದೆ. ಮೊದಲ ನಾಲ್ಕು ಸಾಲು ತೆಗೆದು ನೋಡಿ. ತುಂಬ ಸಲ ಮಾತು ನಿಜವಾಗಿ ಶುರುವಾಗುವುದು ಐದನೇ ಸಾಲಿನಲ್ಲಿ.

ಕುರ್ಚಿ ಬೇಡ. ಖಾಲಿ ಕುರ್ಚಿ ಇಟ್ಟರೆ ನೋಡುವವರು ಕುರ್ಚಿ ನೋಡುತ್ತಾರೆ. ಪರೀಕ್ಷಕರ ಕಣ್ಣಿಗೆ ಕಣ್ಣಿಟ್ಟೂ ಮಾತಾಡಬೇಡಿ. ಅವರು ಬರೆದುಕೊಳ್ಳಲು ತಲೆ ತಗ್ಗಿಸಿದರೆ ನಿಮ್ಮ ಕಾವಲುಗಾರ ಮಾಯ ಆಗುತ್ತಾನೆ. ಅವರ ತಲೆಗಿಂತ ಸ್ವಲ್ಪ ಮೇಲೆ, ಒಂದಡಿ ಎಡಕ್ಕೆ, ಗೋಡೆ ಮೇಲೆ ಒಂದು ಗುರುತು ಹಿಡಿದುಕೊಳ್ಳಿ. ಹುಡುಗನ ಎತ್ತರ ಅಷ್ಟೇ. ಅವನ ಮುಖ ಯಾರದ್ದು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ನನಗಾದರೆ ತಮ್ಮನ ಮುಖ ಬರುತ್ತದೆ.

ತಾಳಮದ್ದಳೆ ಪ್ರಿಯ

ಒಂದು ದಿನ ನಿಜವಾಗಿ ಯಾರನ್ನಾದರೂ ಎದುರು ಕೂರಿಸಿಕೊಂಡು ಹೇಳಿ. ಅವರು ಮೊಬೈಲ್ ನೋಡಲಿ, ಆಕಳಿಸಲಿ, ಎದ್ದು ನೀರು ಕುಡಿಯಲಿ. ಆಗಲೂ ಅವರನ್ನು ಹಿಡಿದಿಡಲು ನೋಡಿ. ಮಾತಿನ ಯಾವ ಸಾಲಿಗೆ ಅವರು ತಲೆ ಎತ್ತುತ್ತಾರೆ ಅಂತ ಗೊತ್ತಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿ

ರೂಮ್‌ಮೇಟ್‌ಗೆ ಹೇಳಿದೆ. ಅವನು ಮೂರು ಸಲ ಐಪಿಎಲ್ ಸ್ಕೋರ್ ನೋಡಿದ. ನಾಲ್ಕನೇ ಸಲ "ಆಮೇಲೆ?" ಅಂದ. ಅಷ್ಟು ಸಾಕಾಯಿತು ನನಗೆ.

ಓನರ್ ಬರಲಿಲ್ಲ.

ಬ್ಯಾಡಗಿ ಮೆಣಸಿನಕಾಯಿ

ಇಂಟರ್‌ವ್ಯೂ ಆಯಿತು. ನಿನ್ನೆ ಇಡೀ ದಿನ ಬಸ್ಸಿನಲ್ಲಿ ಇದನ್ನೇ ಹೇಗೆ ಬರೆಯಲಿ ಅಂತ ಯೋಚನೆ.

ನಾಲ್ಕು ಜನ ಕೂತಿದ್ದರು. ಹೊರಗೆ ಕಾಯುವಾಗ ಗೋಡೆ ಆಚೆಯಿಂದ ಎರಡು ತುಘಲಕ್ ಕೇಳಿಸಿತು, ಎರಡೂ ಮೊಣಕಾಲೂರಿದ್ದು. ಹೊಟ್ಟೆಯಲ್ಲಿ ತಣ್ಣಗಾಯಿತು. ನನ್ನ ಸರದಿ ಬಂದಾಗ "ಯಾವ ನಾಟಕ?" ಅಂದರು. "ತುಘಲಕ್" ಅಂದೆ. ಒಬ್ಬರು ಪೆನ್ನು ಕೆಳಗಿಟ್ಟರು. ಸೈಡ್‌ವಿಂಗ್ ಸರ್, ಆಗ ನೀವು ತುಂಬ ನೆನಪಾದಿರಿ.

ಶುರು ಮಾಡಿದೆ. ಗೋಡೆ ಮೇಲೆ ಒಂದು ಸ್ವಿಚ್‌ಬೋರ್ಡ್ ಇತ್ತು, ಅದೇ ನನ್ನ ಕಾವಲುಗಾರ. ಮುಕ್ಕಾಲು ನಿಮಿಷ ಆಗಿರಬಹುದು, "ಸಾಕು" ಅಂದರು. ಮುಗಿಯಿತು ಅಂದುಕೊಂಡೆ. ಆದರೆ ಪೆನ್ನು ಕೆಳಗಿಟ್ಟವರು ಎದ್ದು ಬಂದು ನನ್ನ ಎದುರು ನಿಂತರು. "ಈಗ ತುಘಲಕ್ ನಾನು. ನೀನು ಆ ಹುಡುಗ" ಅಂದರು.

ನನ್ನ ಹತ್ತಿರ ಆ ಹುಡುಗನ ಮಾತು ಇರಲಿಲ್ಲ, ಕತ್ತರಿಸಿ ಬಿಸಾಕಿದ್ದೆನಲ್ಲ. ಅವರು ಪುಸ್ತಕ ಇಲ್ಲದೆ ಹೇಳುತ್ತಾ ಹೋದರು, ಮೆಲ್ಲಗೆ, ನನ್ನನ್ನೇ ನೋಡುತ್ತಾ. ಅವರು ಹೇಳುವ ಒಂದೊಂದು ಸಾಲೂ ನನಗೆ ಬಾಯಿಪಾಠ. ಆದರೆ ಎದುರಿಗೆ ನಿಂತು ಕೇಳಿದಾಗ ಹೊಸದಾಗಿ ಕೇಳಿದ ಹಾಗಿತ್ತು. ಇದ್ದಕ್ಕಿದ್ದ ಹಾಗೆ "ನಿನ್ನ ವಯಸ್ಸೆಷ್ಟು?" ಅಂದರು.

ನಾನು "ಇಪ್ಪತ್ತೆರಡು ಸರ್" ಅಂದುಬಿಟ್ಟೆ.

ನಾಲ್ಕೂ ಜನ ನಕ್ಕರು. ನಾನು ತಪ್ಪಾಯಿತು, ಹತ್ತೊಂಬತ್ತು ಅನ್ನಬೇಕಿತ್ತು ಅಂದೆ. ಅವರು "ಇರಲಿ, ನಾನು ಕೇಳಿದ್ದು ನಿನ್ನನ್ನೇ" ಅಂದು ಕೂತರು. ಆಮೇಲೆ ಊರು, ಅಪ್ಪ, ಕೆಲಸ ಎಲ್ಲ ಕೇಳಿದರು. ಅಪ್ಪನಿಗೆ ಗೊತ್ತಾ ಅಂತ ಕೇಳಿದರು. ಇಲ್ಲ ಅಂದೆ.

ಪಟ್ಟಿ ಬರಲು ಇನ್ನೂ ಹತ್ತು ದಿನ ಇದೆ.

ಗೋಲಿ ಸೋಡಾ

ಅಂದರೆ ಮೂರನೇ ಸಲವೂ ಸೈನಿಕನೇ 😄

ಸೈಡ್‌ವಿಂಗ್

ಪೆನ್ನು ಮತ್ತೆ ಎತ್ತಿಕೊಂಡರಾ, ಅದನ್ನು ಹೇಳು.

ಬ್ಯಾಡಗಿ ಮೆಣಸಿನಕಾಯಿ

ಎತ್ತಿಕೊಂಡರು ಸರ್. ಏನು ಬರೆದರು ಅಂತ ಕಾಣಲಿಲ್ಲ.

ಎರಡನೇ ಬೆಲ್

ಹಾಡು ಏನು ಹಾಡಿದಿರಿ? ಅದರ ಬಗ್ಗೆ ನಾವು ಯಾರೂ ಕೇಳಲೇ ಇಲ್ಲ.

ಬ್ಯಾಡಗಿ ಮೆಣಸಿನಕಾಯಿ

ಹಮಾಲಿಗಳು ಚೀಲ ಎತ್ತುವಾಗ ಒಟ್ಟಿಗೆ ದನಿ ಹಾಕುತ್ತಾರಲ್ಲ ಮೇಡಂ, ಅಪ್ಪನಿಂದ ಕೇಳಿದ್ದು. ಎರಡೇ ಸಾಲು ಇರುವುದು. ಅದನ್ನೇ ನಾಲ್ಕು ಸಲ ಹಾಡಿದೆ.